ಮೆಟ್ಟಿಲ ಕೆಳಗಿನ ಕಾಲೇಜು ಕೋಣೆ

ನವೆಂಬರ್ 18. ಬೆಳಿಗ್ಗೆ 11.10

ಇವತ್ತಿಗೆ ನಾಲ್ಕನೆಯ ಮಗು. ಅದೇ ಪ್ರಶ್ನೆ — "ಮಿಸ್, ಯಾವ ಕಾಲೇಜು ಒಳ್ಳೇದು?" ನನ್ನದೂ ಅದೇ ಉತ್ತರ — "ಯಾವ ಶೂ ಒಳ್ಳೇದು ಅಂತ ಕೇಳ್ದಂಗಾಯ್ತು. ಮೊದ್ಲು ನಿನ್ನ ಪಾದದ ಅಳತೆ ಹೇಳು." ನಕ್ಕಿತು. ಕೂತಿತು. ಆಮೇಲೆ ಇಪ್ಪತ್ತು ನಿಮಿಷ ಬಾಯಿ ಮುಚ್ಚಲಿಲ್ಲ.

ಮಂಡಿಯ ಲಿಗಮೆಂಟ್ ಹರಿದು ಮೈದಾನ ಬಿಟ್ಟು ಹತ್ತು ವಾರ. ಇಪ್ಪತ್ತೆರಡು ವರ್ಷ ಪಿ.ಟಿ. ಟೀಚರ್ ಆಗಿದ್ದವಳನ್ನು ಹೆಡ್ ಮೇಡಂ ಈ ಕೋಣೆಗೆ ತಂದು ಕೂರಿಸಿ, "ಹನ್ನೆರಡನೇ ಕ್ಲಾಸಿನವ್ರ ಕಾಲೇಜ್ ವಿಚಾರ ಎಲ್ಲಾ ಇನ್ಮೇಲೆ ನೀವೇ ನೋಡ್ಕೊಳ್ಳಿ. ಕೂತು ಮಾಡೋ ಕೆಲ್ಸ" ಎಂದಾಗ ಅಳು ಬಂದಿತ್ತು. ಕೂತು ಮಾಡುವ ಕೆಲಸವಂತೆ! ದಿನವಿಡೀ ಎದೆ ನೂರು ಮೀಟರ್ ಓಡಿದವರ ಹಾಗೆ ಬಡಿದುಕೊಳ್ಳುತ್ತದೆ.

ಎರಡು ಪ್ಲಾಸ್ಟಿಕ್ ಕುರ್ಚಿ. ಒಂದು ಕಂಪ್ಯೂಟರ್ — ನಿದ್ದೆಯಿಂದ ಏಳಲು ಏಳು ನಿಮಿಷ. ಗೋಡೆಯ ತುಂಬ ಚಾರ್ಟು: ಅರವತ್ತನಾಲ್ಕು ಹೆಸರು, ಕೋರ್ಸು, ಕೊನೆಯ ದಿನಾಂಕ. ನೆತ್ತಿಯ ಮೇಲೆ ಮೆಟ್ಟಿಲು. ಬೆಲ್ ಹೊಡೆದರೆ ಆನೆ ಹಿಂಡು ಇಳಿದಂತೆ.

ಇನ್ನೂ ಹತ್ತೊಂಬತ್ತು ಮಕ್ಕಳು ಬಾಗಿಲಿಗೇ ಬಂದಿಲ್ಲ. ಹುಡುಕಿ ಹಿಡಿಯಬೇಕು.

ನವೆಂಬರ್ 21. ಮಧ್ಯಾಹ್ನ

ಸಿಕ್ಕಳು ಒಬ್ಬಳು. ಎಲ್ಲರೂ 'ಸ್ಪ್ಯಾನರ್' ಎನ್ನುತ್ತಾರೆ. ಅಪ್ಪ ಪ್ಲಂಬರ್, ಇವಳ ಬ್ಯಾಗಿನಲ್ಲಿ ಸದಾ ಒಂದು ಸಣ್ಣ ಸ್ಪ್ಯಾನರ್. ರಜೆಯಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಾಳೆ. ಮಾತು ಕಡಿಮೆ.

"ಏನು ಓದ್ಬೇಕು ಅಂತ ಆಸೆ?"

"ನೀರು."

"ನೀರು ಅಂದ್ರೆ?"

"ಊರಿಗೆ ನೀರು ಎಲ್ಲಿಂದ ಬರುತ್ತೆ, ಎಲ್ಲಿ ಸೋರಿಹೋಗುತ್ತೆ... ಅದನ್ನ ಓದಕ್ಕಾಗುತ್ತಾ ಮಿಸ್?"

ಆಗುತ್ತದೋ ಇಲ್ಲವೋ ನನಗೇನು ಗೊತ್ತು! ಇಬ್ಬರೂ ಕಪಾಟಿನಲ್ಲಿದ್ದ ಕಾಲೇಜುಗಳ ಪುಸ್ತಿಕೆ ಎಲ್ಲವನ್ನೂ ನೆಲಕ್ಕೆ ಹರಡಿದೆವು. ಹದಿನೇಳನೆಯದರಲ್ಲಿ ಸಿಕ್ಕಿತು — ಜಲವಿಜ್ಞಾನ, ನಾಲ್ಕು ವರ್ಷದ ಪದವಿ. ಇಬ್ಬರೂ ಒಟ್ಟಿಗೇ ಕಿರುಚಿದೆವು. ಮೆಟ್ಟಿಲ ಮೇಲೆ ಹೋಗುತ್ತಿದ್ದವರು ನಿಂತರು.

"ಮಿಸ್, ನಾನು ಹತ್ತಕ್ಕೇ ಗಣಿತ ಬಿಟ್ಟಿದೀನಿ."

ಓದಿ ನೋಡಿದೆ. ಯಾವುದಾದರೂ ಎರಡು ವಿಜ್ಞಾನ ವಿಷಯ ಸಾಕು ಎಂದಿತ್ತು. "ಗಣಿತ ಬೇಕಾಗಿಲ್ಲ ಕಣೇ. ಆರಾಮಾಗಿರು."

ನವೆಂಬರ್ 27. ಸಂಜೆ 4.00

ಅರ್ಜಿಯ ಜೊತೆ ಒಂದು ಪುಟದ ಪ್ರಬಂಧ: ಈ ಕೋರ್ಸ್ ಯಾಕೆ? ತಂದಳು. 'ಬಾಲ್ಯದಿಂದಲೂ ಸಮಾಜಸೇವೆಯ ಹಂಬಲ ಹೊಂದಿರುವ ನಾನು...'

"ನೀನೇ ಬರ್ದಿದ್ದಾ?"

"ಇಂಟರ್ನೆಟ್‌ನಲ್ಲಿತ್ತು."

"ಬೇರೆಯವ್ರ ಕಾಲಲ್ಲಿ ಓಡಕ್ಕಾಗುತ್ತಾ?"

ತಲೆ ತಗ್ಗಿಸಿದಳು. ಹೊರಡಲು ಎದ್ದವಳು ಗೋಡೆಯ ಕಡೆ ತಿರುಗಿ ನಿಂತಳು. "ಮಿಸ್, ಈ ಗೋಡೆ ಒಳಗೆ ಪೈಪ್ ಸೋರ್ತಿದೆ."

ಗೋಡೆ ಒಣಗಿಯೇ ಇತ್ತು. ನಕ್ಕೆ. ಅವಳು ನಗಲಿಲ್ಲ. ಡ್ರಾಯರಿನಲ್ಲಿದ್ದ ನನ್ನ ಹಳೆಯ ರಿಲೇ ಬ್ಯಾಟನ್ ಕೇಳಿ ಪಡೆದಳು. ಒಂದು ತುದಿ ಗೋಡೆಗೆ, ಇನ್ನೊಂದು ಕಿವಿಗೆ. ಗೇಣು ಗೇಣಾಗಿ ಸರಿದಳು. ಒಂದು ಕಡೆ ನಿಂತು ಪೆನ್ಸಿಲಿನಿಂದ ಗುರುತು ಹಾಕಿದಳು. "ಇಲ್ಲಿ. ಕೇಳಿ." ಕಿವಿ ಕೊಟ್ಟೆ. ಸಣ್ಣಗೆ, ಹಾಲು ಉಕ್ಕುವ ಮುಂಚಿನ ಸದ್ದಿನ ಹಾಗೆ... ಸ್ಸ್‌ಸ್.

ಮೈ ಜುಮ್ಮೆಂದಿತು. "ಇದನ್ನ ಬರಿ! ಇದನ್ನೇ ಬರಿ, ಹುಚ್ಚು ಹುಡುಗಿ!"

ನವೆಂಬರ್ 29

ಅವಳ ಅಪ್ಪನನ್ನೇ ಕರೆಸಿ ಗೋಡೆ ಒಡೆಸಿದರು. ಪೆನ್ಸಿಲ್ ಗುರುತಿನಿಂದ ನಾಲ್ಕು ಬೆರಳು ಆಚೆ ಬಿರುಕು. ಹೆಡ್ ಮೇಡಂ ಮೂಗಿನ ಮೇಲೆ ಬೆರಳಿಟ್ಟರು. ಅಪ್ಪನಿಗೆ ಮಾತ್ರ ಸಮಾಧಾನವಿಲ್ಲ. "ನಾಲ್ಕು ಬೆರಳು ತಪ್ಪಿದೀಯಲ್ಲಾ!"

ಡಿಸೆಂಬರ್ 10. ಬೆಳಿಗ್ಗೆ 9.30

ಅರ್ಜಿ ಹೋಯಿತು. ಪ್ರಬಂಧವನ್ನು ನಮ್ಮ ಯಜಮಾನರಿಗೆ ತೋರಿಸಿದ್ದೆ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವರು. ಕೆಂಪು ಪೆನ್ನು ಇಲ್ಲದೆ ಮದುವೆ ಪತ್ರಿಕೆಯನ್ನೂ ಓದದ ಮನುಷ್ಯ. ಎರಡು ಅಲ್ಪವಿರಾಮ ತೆಗೆದು, "ಇಷ್ಟೇ" ಎಂದರು. ಇಪ್ಪತ್ತು ವರ್ಷದಲ್ಲಿ ನನಗೆ ಇಂಥ ಸರ್ಟಿಫಿಕೇಟು ಸಿಕ್ಕಿಲ್ಲ.

ಅರವತ್ತನಾಲ್ಕರಲ್ಲಿ ಐವತ್ತೊಂದು ಅರ್ಜಿ ಹೊರಟಿವೆ. ಚಾರ್ಟಿನಲ್ಲಿ ಹಸಿರು ಟಿಕ್ಕು ಹಾಕುವಾಗ... ಗುರಿ ಮುಟ್ಟಿದವರ ಟೈಮಿಂಗ್ ಬರೆದುಕೊಂಡ ಸುಖವೇ.

ಫೆಬ್ರವರಿ 2. ಬೆಳಿಗ್ಗೆ 7.40

ಅಕ್ಷರ ಸೊಟ್ಟ.

ಯಜಮಾನರು ಕಾಫಿ ಕುಡಿಯುತ್ತ ಜಲವಿಜ್ಞಾನದ ಪುಸ್ತಿಕೆ ತಿರುವುತ್ತಿದ್ದರು. ಬೇರೆಯವರು ಪೇಪರ್ ಓದುವ ಹಾಗೆ ಇವರು ಏನು ಸಿಕ್ಕರೂ ಓದುತ್ತಾರೆ. ಕೊನೆಯ ಪುಟಕ್ಕೆ ಬಂದು ಕನ್ನಡಕ ಏರಿಸಿದರು.

"ಇದರ ಇಸವಿ ನೋಡಿದ್ಯಾ?"

ಹೋದ ವರ್ಷದ್ದು.

ಕಾಲೇಜಿನ ವೆಬ್‌ಸೈಟ್ ತೆರೆದೆವು. ಈ ವರ್ಷದ ನಿಯಮ: ಗಣಿತ ಓದಿರಬೇಕು. ಓದದಿದ್ದವರು ಕಾಲೇಜೇ ನಡೆಸುವ ಗಣಿತ ಪರೀಕ್ಷೆಯಲ್ಲಿ ಐವತ್ತು ಅಂಕ ತೆಗೆಯಬೇಕು. ಪರೀಕ್ಷೆ ಮಾರ್ಚ್ 16ಕ್ಕೆ. ಹೆಸರು ಕೊಡಲು ಕೊನೆಯ ದಿನ — ನಾಡಿದ್ದು.

'ಗಣಿತ ಬೇಕಾಗಿಲ್ಲ ಕಣೇ' ಎಂದವಳು ನಾನು. ಆಗಲೇ ತಿಳಿದಿದ್ದರೆ ನಾಲ್ಕು ತಿಂಗಳು ಸಿಗುತ್ತಿತ್ತು. ಈಗ ಆರು ವಾರ.

"ಯಾರಿಗಾದ್ರೂ ಆಗುತ್ತೆ" ಎಂದರು ಇವರು. ಆಗಬಾರದು. ನನ್ನ ಕೋಣೆಯಲ್ಲಿ ಆಗಬಾರದಿತ್ತು.

ಫೆಬ್ರವರಿ 3. ಬೆಳಿಗ್ಗೆ 10.00

ಅಪ್ಪ, ಮಗಳು ಇಬ್ಬರನ್ನೂ ಕರೆಸಿ ಹೇಳಿಬಿಟ್ಟೆ. ಸುತ್ತಿ ಬಳಸಲಿಲ್ಲ. "ತಪ್ಪು ನಂದು. ಹಳೇ ಪುಸ್ತಿಕೆ ನೋಡಿ ಹೇಳ್ಬಿಟ್ಟೆ."

ಹುಡುಗಿಯ ಮುಖ ಬಿಳಿಚಿತು. ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಬೈಗುಳಕ್ಕೆ ಸಿದ್ಧವಾಗಿದ್ದೆ.

"ಮೇಡಂ, ಪೈಪ್ ಒಡೆದಾಗ ಯಾರು ಒಡೆದ್ರು ಅಂತ ವಿಚಾರಣೆ ಮಾಡ್ತಾ ಕೂತ್ರೆ ಮನೆ ಮುಳುಗುತ್ತೆ. ಮೊದ್ಲು ವಾಲ್ವ್ ಮುಚ್ಬೇಕು. ಈಗೇನ್ ಮಾಡ್ಬೇಕು, ಅದು ಹೇಳಿ."

ಅಲ್ಲೇ ಪರೀಕ್ಷೆಗೆ ಹೆಸರು ಕೊಟ್ಟೆವು. ಕಂಪ್ಯೂಟರಿನ ಏಳು ನಿಮಿಷ ಏಳು ವರ್ಷ.

ಮಧ್ಯಾಹ್ನ 2.15

ಜನವರಿಯೊಳಗೆ ಎಲ್ಲರ ಅರ್ಜಿಯೂ ಹೋಗಿತ್ತು. ಉಳಿದ ಅರವತ್ತಮೂರನ್ನೂ ಈ ವರ್ಷದ ನಿಯಮದ ಜೊತೆ ಹೋಲಿಸಿದೆ. ಎಲ್ಲ ಸರಿ ಇವೆ. ಹಳೆಯ ಪುಸ್ತಿಕೆಗಳನ್ನು ಹರಿದು ರದ್ದಿಗೆ ಹಾಕಿದೆ.

ಈಗ ಲೆಕ್ಕದ ಮೇಷ್ಟ್ರ ಹತ್ತಿರ ಹೋಗಬೇಕು. ಅವರಿಗೂ ನನಗೂ ಎಣ್ಣೆ ಸೀಗೆಕಾಯಿ. ಕ್ರೀಡಾಕೂಟದ ತಾಲೀಮಿಗೆಂದು ಪ್ರತಿ ವರ್ಷ ಅವರ ಪೀರಿಯಡ್ಡನ್ನೇ ಕಿತ್ತುಕೊಳ್ಳುತ್ತಿದ್ದೆ.

ಫೆಬ್ರವರಿ 4

"ಹತ್ತು ವರ್ಷ ನನ್ನ ಪೀರಿಯಡ್ ಕದ್ದಿದೀರಾ. ಈಗ ಕ್ಲಾಸ್ ತಗೊಳ್ಳಿ ಅಂತೀರಾ?" ಎಂದರು ಮೇಷ್ಟ್ರು.

"ಹೌದು ಸಾರ್."

"ಬೆಳಿಗ್ಗೆ ಏಳಕ್ಕೆ. ದಿನಾ. ಒಂದು ಷರತ್ತು — ನೀವೂ ಕೂತ್ಕೋಬೇಕು."

"ನಾನಾ? ಯಾಕೆ?"

"ನೀವು ಕರೆದ್ರಿ ಅಂತ ನಾನು ನಿಮ್ಮ ಮೈದಾನದಲ್ಲಿ ಮೂರು ಸಲ ಹಗ್ಗಜಗ್ಗಾಟಕ್ಕೆ ಇಳ್ದು ಬಿದ್ದಿದೀನಿ."

ನ್ಯಾಯವೇ.

ಫೆಬ್ರವರಿ 8

ಮೊದಲ ಬೆಂಚಿನಲ್ಲಿ ನಾವಿಬ್ಬರು. ಹದಿನೇಳರವಳು, ನಲವತ್ತಾರರವಳು. ಮಂಡಿ ಮಡಚಲಾಗದೆ ಕಾಲನ್ನು ಪಕ್ಕದ ಬೆಂಚಿನ ಮೇಲೆ ಚಾಚಿದ್ದೇನೆ. ಸೂತ್ರ ಬರೆದುಕೊಂಡೆ. ಅರ್ಥವಾಗಲಿಲ್ಲ. ಆದರೂ ಏನೋ ಖುಷಿ — ಹೊಸ ನೋಟ್‌ಬುಕ್ಕಿನ ವಾಸನೆಗೇ ಇರಬೇಕು.

ಫೆಬ್ರವರಿ 24. ಬೆಳಿಗ್ಗೆ 8.30

ಇಷ್ಟು ದಿನ ಬರೆಯಲು ಕೂತಿಲ್ಲ. ಹೋಮ್‌ವರ್ಕ್!

ಇವತ್ತು ಅಭ್ಯಾಸ ಪರೀಕ್ಷೆ. ಅವಳಿಗೆ 31. ನನಗೆ 19. ನಾನು ನಕ್ಕೆ. ಅವಳು ನಗಲಿಲ್ಲ. ಪುಸ್ತಕ ಜೋಡಿಸಿ ಬ್ಯಾಗಿಗೆ ತುರುಕಿದಳು.

"ಸಾಕು ಮಿಸ್. ಅಪ್ಪನ ಜೊತೆನೇ ಹೋಗ್ತೀನಿ. ಅದೇನು ಕೆಟ್ಟ ಕೆಲ್ಸ ಅಲ್ಲ."

"ಖಂಡಿತ ಅಲ್ಲ. ಆದ್ರೆ ಅದನ್ನ ಆರಿಸಿದ್ದು ನೀನಾ, ನನ್ನ ತಪ್ಪಾ?"

ಅವಳಿಗೆ ಕಣ್ಣು ತುಂಬಿತ್ತು. ನನಗೂ. ಮೇಷ್ಟ್ರು ಮಾತ್ರ ಹಿಂದೆಯೇ ನಿಂತು ಅವಳ ಉತ್ತರಪತ್ರಿಕೆ ನೋಡುತ್ತಿದ್ದರು.

"ಏನಮ್ಮಾ, ಬಚ್ಚಲಿನ ಪೈಪ್ ಹಾಕೋವಾಗ ಇಳಿಜಾರು ಎಷ್ಟು ಇಡ್ತೀರಿ?"

"ಐವತ್ತಡಿಗೆ ಒಂದಡಿ."

"ನೂರೆಂಬತ್ತು ಅಡಿ ಇದ್ರೆ?"

"ಮೂರೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ." ಕಣ್ಣು ಒರೆಸಿಕೊಳ್ಳುತ್ತಲೇ ಹೇಳಿದಳು. ರೆಪ್ಪೆ ಮಿಟುಕಿಸುವಷ್ಟರಲ್ಲಿ.

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಇಷ್ಟು ದಿನ ನಾನು ಇವಳಿಗೆ ತಪ್ಪು ಭಾಷೇಲಿ ಪಾಠ ಮಾಡ್ದೆ. ಬೋರ್ಡ್ ಒರೆಸಿ ಮೇಡಂ."

ಒರೆಸಿದೆ. ಒಂದು ಟ್ಯಾಂಕ್ ಬರೆದರು. ಮೇಲೊಂದು ನಲ್ಲಿ, ಕೆಳಗೊಂದು ತೂತು.

ಮಾರ್ಚ್ 1

ಟ್ಯಾಂಕ್ ತುಂಬುತ್ತಿದೆ, ಸೋರುತ್ತಿದೆ, ಎಷ್ಟು ಹೊತ್ತಿಗೆ ತುಂಬೀತು — ಇದೇ ದರ, ಇದೇ ಗ್ರಾಫು, ಇದೇ ಸಮೀಕರಣ. ಅವಳು ಮೇಷ್ಟ್ರನ್ನೇ ತಿದ್ದುತ್ತಾಳೆ. "ಸಾರ್, ಕೆಳಗಿನ ತೂತು ಒಂದೇ ಸಮ ಸೋರಲ್ಲ. ನೀರು ಕಡಿಮೆ ಆದಂಗೆ ಒತ್ತಡಾನೂ ಕಡಿಮೆ ಆಗುತ್ತೆ." ಮೇಷ್ಟ್ರು ಮೂವತ್ತು ವರ್ಷದಿಂದ ಆ ಲೆಕ್ಕ ಕೊಡುತ್ತಿದ್ದರಂತೆ. ಯಾರೂ ಹೀಗೆ ಹೇಳಿರಲಿಲ್ಲವಂತೆ. ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಮಾರ್ಚ್ 9

ಅವಳಿಗೆ 57! ನನಗೆ 44. ಮೇಷ್ಟ್ರು ನನ್ನ ಹಾಳೆಯ ಮೇಲೆ 'ಪ್ರಯತ್ನ ಸಾಲದು' ಎಂದು ಬರೆದರು. ಯಜಮಾನರಿಗೆ ತೋರಿಸಿದೆ. ಕಾಗುಣಿತ ಸರಿಯಿದೆ ಎಂದರು.

ಮಾರ್ಚ್ 16. ಬೆಳಿಗ್ಗೆ 10.45

ಕಾಲೇಜಿನ ಹೊರಗಿನ ಕಲ್ಲುಬೆಂಚು. ಒಳಗೆ ಪರೀಕ್ಷೆ ನಡೆದಿದೆ. ಒಂದು ಪಕ್ಕ ಅವಳ ಅಪ್ಪ, ಇನ್ನೊಂದು ಪಕ್ಕ ಮೇಷ್ಟ್ರು — ರಜೆ ಹಾಕಿ ಬಂದಿದ್ದಾರೆ, 'ಈ ಕಡೆ ಕೆಲಸವಿತ್ತು' ಎನ್ನುತ್ತಾರೆ. ಸ್ಟಾಪ್‌ವಾಚ್ ಹಿಡಿದು ಅಭ್ಯಾಸವಿರುವ ಕೈ, ಸುಮ್ಮನಿರಲು ಬಾರದೆ ಇದನ್ನು ಬರೆಯುತ್ತಿದೆ.

1.20

ಬಂದಳು. "ಎರಡು ಬಿಟ್ಟೆ. ಟ್ಯಾಂಕ್ ಬಂದಿತ್ತು." ಅಷ್ಟೇ ಮಾತು. ಮೇಷ್ಟ್ರು ಆಕಾಶ ನೋಡಿದರು.

ಮಾರ್ಚ್ 30

61. ಅರವತ್ತೊಂದು. ಮೂರು ಸಲ ಓದಿದೆ, ಹದಿನಾರನ್ನೇ ತಿರುಗಿಸಿ ಓದಿದೆನೇನೋ ಎಂದು. ಇಲ್ಲ. ನೆಟ್ಟಗಿದೆ. ಸಂದರ್ಶನ ಏಪ್ರಿಲ್ 12ಕ್ಕೆ.

ಡಾಕ್ಟರೂ ಇವತ್ತೇ ಮಂಡಿ ಒತ್ತಿ ನೋಡಿ, "ಜೂನ್‌ನಿಂದ ಮೈದಾನಕ್ಕೆ ಇಳೀಬಹುದು" ಎಂದರು. ಏಳು ತಿಂಗಳಿಂದ ಕಾದ ಮಾತು. ಕುಣಿಯಬೇಕಿತ್ತು. ಯಾಕೋ ಚಾರ್ಟು ನೆನಪಾಯಿತು.

ಏಪ್ರಿಲ್ 12. ಸಂಜೆ

ಸಂದರ್ಶನ ಮುಗಿಸಿ ನೇರ ಇಲ್ಲಿಗೇ ಬಂದಳು. "ಎಲ್ಲಾ ಬಿಟ್ಟು ಮೊದ್ಲು, ಗಣಿತ ಯಾಕೆ ಇಷ್ಟು ತಡವಾಗಿ ಕಲಿತೆ ಅಂದ್ರು."

"ಏನಂದೆ?"

"ನಮ್ಮ ಮಿಸ್ ತಪ್ಪು ಹೇಳಿದ್ರು ಅಂದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಆಮೇಲೆ ಅವ್ರೇ ಪಕ್ಕದಲ್ಲಿ ಕೂತು ಕಲಿತ್ರು, ನನಗಿಂತ ಕಡಿಮೆ ಮಾರ್ಕ್ಸ್ ತಗೊಂಡ್ರು ಅಂತಾನೂ ಅಂದೆ. ಎಲ್ಲಾರೂ ನಕ್ರು. ಮುಕ್ಕಾಲು ಗಂಟೆ ಬಿಡ್ಲಿಲ್ಲ. ಸೋರಿಕೆ ಕೇಳೋದು ಹೇಗೆ ಅಂತ ಮೇಜಿನ ಮೇಲೆ ತೋರಿಸಿ ಬಂದೆ."

ಇವಳ ಬಗ್ಗೆಯೇ 'ಮಾತು ಕಡಿಮೆ' ಎಂದು ನಾನು ಬರೆದದ್ದು.

ಏಪ್ರಿಲ್ 28. ಬೆಳಿಗ್ಗೆ 10.40

ಆಯ್ಕೆಯಾದವರ ಪಟ್ಟಿ ಹನ್ನೊಂದಕ್ಕೆ. ಕೋಣೆಯಲ್ಲಿ ಉಸಿರಾಡಲೂ ಜಾಗವಿಲ್ಲ. ಅವಳು, ಅವಳ ಅಪ್ಪ, ಮೇಷ್ಟ್ರು, ಕಾಲೇಜು ಸಿಕ್ಕ ಹತ್ತಾರು ಮಕ್ಕಳು. ಕಂಪ್ಯೂಟರನ್ನು ಒಂಬತ್ತಕ್ಕೇ ಎಬ್ಬಿಸಿ ಇಟ್ಟಿದ್ದೇನೆ.

11.35

ಇದೆ! ನಲವತ್ತು ಸೀಟಿನಲ್ಲಿ ಹದಿನೆಂಟನೆಯದು. ಮಕ್ಕಳು ಅವಳನ್ನು ಎತ್ತಿಕೊಂಡೇ ಹೊರಗೆ ಹೋದರು. ಅಪ್ಪ ಪರದೆಯ ಮೇಲಿನ ಹೆಸರಿನ ಮೇಲೆ ಬೆರಳಿಟ್ಟು ನಿಂತೇ ಇದ್ದರು. "ಪೂರ್ತಿ ಹೆಸ್ರು ಹಾಕಿದಾರೆ ಮೇಡಂ. ನನ್ನ ಹೆಸ್ರೂ ಇದೆ, ಹಿಂದೆ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು.

ನಾನು ಗಟ್ಟಿಯಾಗಿ ಅತ್ತೆ. ಪಿ.ಟಿ. ಟೀಚರ್ ಅಳುವುದನ್ನು ಈ ಶಾಲೆ ನೋಡಿರಲಿಲ್ಲ.

12.20

ಎಲ್ಲರೂ ಹೋದ ಮೇಲೆ ಹೆಡ್ ಮೇಡಂ ಇಳಿದು ಬಂದರು. "ಜೂನ್‌ಗೆ ಏನ್ಮಾಡ್ತೀರಿ? ಮೈದಾನಾನೋ, ಇದೇ ಕೋಣೆನೋ? ಇವತ್ತೇ ಹೇಳ್ಬೇಕು. ಟೈಮ್‌ಟೇಬಲ್ ಹಾಕ್ಬೇಕು."

ಬೆಳಿಗ್ಗೆ ಐದೂವರೆಯ ಮೈದಾನ, ಒದ್ದೆ ಹುಲ್ಲು, ವಿಸಿಲ್... ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಒಂದು ಜಡೆ. ಹನ್ನೊಂದನೇ ಕ್ಲಾಸಿನವಳು. "ಮಿಸ್, ನಮ್ಮದು ಮುಂದಿನ ವರ್ಷ. ಈಗ್ಲೇ ಬರಬಹುದಾ?"

"ಬಾ, ಕೂತ್ಕೋ" ಎಂದುಬಿಟ್ಟೆ. ಕುರ್ಚಿಯನ್ನೂ ಎಳೆದಿದ್ದೆ.

ಹೆಡ್ ಮೇಡಂ ನನ್ನನ್ನು ನೋಡಿದರು, ಕುರ್ಚಿ ನೋಡಿದರು. "ಸರಿ, ಬರ್ಕೊಂಡೆ" ಎಂದು ಮೆಟ್ಟಿಲು ಹತ್ತಿ ಹೋದರು.

ಹುಡುಗಿ ನೀರು ಕುಡಿದು ಬರುತ್ತೇನೆಂದು ಹೋಗಿದ್ದಾಳೆ. ಅಷ್ಟರಲ್ಲಿ ಹಳೆಯ ಚಾರ್ಟು ಬಿಚ್ಚಬೇಕು, ಹೊಸ ಹಾಳೆ ಅಂಟಿಸಬೇಕು, ಮೊದಲ ಹೆಸರು... ಬಂದಳು, ಓಡಿಕೊಂಡೇ ಬರು—