ಉಗುರಿನ ಶಾಯಿ ಮತ್ತು ನಿಮ್ಮ ತಿಥಿ

ಅತ್ತೆಯವರಿಗೆ, ನಿಮ್ಮ ಪಂಗಾನಿ ಮನೆಯ ಸೊಸೆ ಮಾಡುವ ನಮಸ್ಕಾರಗಳು.

ನನ್ನ ಮೊದಲ ಓಟಿಗೆ ನೀವೇ ಕರೆದುಕೊಂಡು ಹೋದದ್ದು ನೆನಪಿದೆಯಾ? ರೇಷ್ಮೆ ಸೀರೆ ಉಟ್ಟು ಬಂದು ಮತಗಟ್ಟೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಿರಿ. ಪೊಲೀಸಿನವನು ಈ ಊರಿನ ಭಾಷೆಯಲ್ಲಿ "ಮಾಮಾ, ವಿಯಾಟು!", ಅಮ್ಮಾ, ನಿಮ್ಮ ಚಪ್ಪಲಿ ಎಂದು ತೋರಿಸಿದರೆ, "ಇರ್ಲಿ ಬಿಡಪ್ಪ, ಇದೂ ದೇವರ ಕೆಲಸವೇ" ಎಂದು ಕನ್ನಡದಲ್ಲೇ ಹೇಳಿ ಬರಿಗಾಲಲ್ಲಿ ಒಳಗೆ ನಡೆದಿರಿ.

ದೀಪಾವಳಿಗೆ ಬಂದು ನಿಮ್ಮ ಚಕ್ಕುಲಿ ತಿಂದು ಓಟು ಕೇಳಿ ಹೋಗುತ್ತಿದ್ದ ಕೌನ್ಸಿಲರ್ ಈಗ ನಮ್ಮವರಲ್ಲ. ವಾರ್ಡುಗಳ ಗಡಿ ಬದಲಾಯಿಸಿ ನಮ್ಮ ಬೀದಿಯನ್ನು ಪಕ್ಕದ ವಾರ್ಡಿಗೆ ಸೇರಿಸಿದ್ದಾರೆ. "ಚಕ್ಕುಲಿ ಉಳೀತು ಬಿಡು" ಎಂದು ನಿಮ್ಮ ಮಗ ನಗುತ್ತಾರೆ. ಹೊಸ ವಾರ್ಡಿಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಆರಿಸಲು ಹೋದ ತಿಂಗಳು ಸದಸ್ಯರೆಲ್ಲ ಓಟು ಹಾಕಿದೆವು. ಯಾರಿಗೂ ಅರ್ಧದಷ್ಟೂ ಬರಲಿಲ್ಲ. ಮುಂದಿರುವ ಇಬ್ಬರ ನಡುವೆ ನಾಳೆ ಇನ್ನೊಂದು ಸುತ್ತು. ಒಬ್ಬರು ಮನೆಮನೆಗೆ ಹಿಟ್ಟಿನ ಪೊಟ್ಟಣ ಹಂಚುವವರು. ಇನ್ನೊಬ್ಬರು ಯಾರು ಹೇಳಿ ನೋಡೋಣ? ನಿಮ್ಮ ನರ್ಸ್ ವಾಂಬುಯಿ! ಹೊಸ ವಾರ್ಡಿನ ಕಡೆ ಅವಳನ್ನು ಬಲ್ಲವರು ಕಡಿಮೆ. ನಮ್ಮ ಬೀದಿಯವರೇ ಹೋಗದಿದ್ದರೆ ಅವಳು ಗೆಲ್ಲುವುದುಂಟೇ?

ನೀವು ಹಾಸಿಗೆ ಹಿಡಿದಾಗ ಅವಳು ಬಂದ ಮೊದಲ ಬೆಳಿಗ್ಗೆ "ಮಡಿ, ಮುಟ್ಟಬೇಡ" ಎಂದು ಗೋಡೆಯ ಕಡೆ ಹೊರಳಿಬಿಟ್ಟಿರಿ. "ಸವಾ, ಶೋಶೋ" ಎಂದಳು. ಆಗಲಿ ಅಜ್ಜಿ ಎಂದು. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಕೆಲವೇ ದಿನಗಳಲ್ಲಿ ನಿಮ್ಮ ತಲೆ ಬಾಚುವುದಕ್ಕೆ ಅವಳೇ ಆಗಬೇಕು. ನಾನು ಬಾಚಣಿಗೆ ಹಿಡಿದರೆ, "ನಿನ್ನ ಕೈ ಒರಟು ಕಣೇ, ವಾಂಬುಯಿ ಬರ್ಲಿ." ನನಗೆ ಎಷ್ಟು ಹೊಟ್ಟೆಕಿಚ್ಚಾಗುತ್ತಿತ್ತು ಅಂತೀರಿ...

ಇವತ್ತು ಬೆಳಿಗ್ಗೆ ಪಂಚಾಂಗ ನೋಡಿದರೆ ನಿಮ್ಮ ತಿಥಿಯೂ ನಾಳೆಯೇ. ಅಡುಗೆ, ಬ್ರಾಹ್ಮಣರ ಊಟ ಮುಗಿಯುವಷ್ಟರಲ್ಲಿ ಮತಗಟ್ಟೆ ಮುಚ್ಚಿರುತ್ತದೆ. ಮೊದಲೇ ಹೋಗಿ ಬಂದರೆ ಸಾಲಿನಲ್ಲಿ ಎಲ್ಲರನ್ನೂ ಮುಟ್ಟಿದ ಮೈ.

"ಅಮ್ಮನ ದಿನವೇ ಆಗ್ಬೇಕಾ? ನಿನ್ನೊಂದು ಓಟಿಂದ ಏನಾಗತ್ತೆ?" ಎಂದರು ನಿಮ್ಮ ಮಗ.

"ಅಮ್ಮಾ, ಜಸ್ಟ್ ಶವರ್ ಅಗೇನ್" ಎಂದಳು ಮೊಮ್ಮಗಳು. ಮಡಿ ಎಂದರೆ ಇವಳಿಗೆ ಶವರ್!

ಭಟ್ಟರಿಗೇ ಫೋನು ಮಾಡಿದೆ. "ತಲೆಗೆ ಸ್ನಾನ ಮಾಡಿದ್ರೆ ಮೈಯೇನೋ ಮಡಿ ಆಗತ್ತಮ್ಮ. ಆದ್ರೆ ಬೆರಳಿಗೆ ಹಚ್ತಾರಲ್ಲ, ಆ ಶಾಯಿ ನೀರಿಗೆ ಹೋಗಲ್ಲ. ಅದರ ವಿಷಯ ಯಾವ ಶಾಸ್ತ್ರದಲ್ಲೂ ನಾನು ಓದಿಲ್ಲ. ನಿಮ್ಮತ್ತೆಯವರನ್ನೇ ಕೇಳ್ಬೇಕು" ಎಂದು ನಕ್ಕರು.

ಅದಕ್ಕೇ ಕೇಳುತ್ತಿದ್ದೇನೆ.

ಮಾವನವರ ಮೊದಲ ತಿಥಿಯಂದು ಹಿತ್ತಿಲಿಗೆ ಬಂದ ಕಾಗೆಯ ಎದೆ ಬೆಳ್ಳಗಿತ್ತು. ಇದು ಪಿಂಡ ಮುಟ್ಟಿದರೆ ನಡೆಯುತ್ತದೆಯೇ ಎಂದು ನಾನು ಅಳುಕಿದೆ. ನೀವು ಹೇಳಿದಿರಿ, "ಈ ಊರಿನ ಕಾಗೆ ಇರೋದೇ ಹಾಗೆ. ಅವರು ಇಷ್ಟು ವರ್ಷ ಬದುಕಿದ್ದು ಈ ಊರಲ್ಲೇ ತಾನೇ? ಮೇಲ್ವಸ್ತ್ರ ಹೊದ್ದು ಬಂದಿದೆ ಅಂದ್ಕೋ." ಹಾಗಿದ್ದರೆ ಈ ಊರಿನ ಶಾಯಿಗೂ ನೀವು ಬೇಡ ಎನ್ನಲಾರಿರಿ. ದೇವರ ಮುಂದೆ ಕೂತಾಗಲೂ ನನ್ನ ಮನಸ್ಸಿಗೆ ಅದೇ ಬಂತು.

ಮತಗಟ್ಟೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತೇನೆ, ಅತ್ತೆ. ಓಟು ವಾಂಬುಯಿಗೆ. ಬಂದು ತಲೆಗೆ ಎರೆದುಕೊಂಡು ಒಲೆ ಹಚ್ಚುತ್ತೇನೆ. ವಡೆ ತಟ್ಟುವ ಎಡಗೈಯ ಕಿರುಬೆರಳು ಕಪ್ಪಗಿರುತ್ತದೆ, ಮುಖ ತಿರುಗಿಸಬೇಡಿ. ಸಾಲು ಉದ್ದವಿದ್ದರೆ ಪಾಯಸ ಸ್ವಲ್ಪ ತಡವಾದೀತು. ನಿಮಗೆ ಹಸಿವು ತಡೆಯುವುದಿಲ್ಲ, ಗೊತ್ತು. ಆದರೂ ನಾಳೆ ಒಂದು ದಿನ ಕಾಯಿರಿ.