ರೊಟ್ಟಿ ಬಡಿದ ಲೆಕ್ಕ

ಫೆಬ್ರವರಿ ೧೨, ಗುರುವಾರ

ಹೌದು, ಎರಡನೇ ರೊಟ್ಟಿ ತಿಂದೆ. ಏನೀಗ?

ಹೆಬ್ಬಾಳ ಕೆರೆ ಸುತ್ತಿ ಬಂದವಳು, ಮಗಳು ಸ್ನೇಹಾ ಕೊಡಿಸಿದ ವಾಚು ಬಿಚ್ಚದೆಯೇ ಜೋಳದ ರೊಟ್ಟಿ ಬಡಿಯಲು ನಿಂತೆ. ಕೈ ಬಡಿತವನ್ನೂ ಅದು ನಡಿಗೆಯೆಂದೇ ಎಣಿಸಿ, ಕ್ಯಾಲೊರಿ ಬಹಳ ಕರಗಿದೆ, ಇನ್ನಷ್ಟು ತಿನ್ನಬಹುದು ಎಂದು ತೋರಿಸಿತು. ಊಟಕ್ಕೆ ಕೂತಿದ್ದ ನಮ್ಮ ಯಜಮಾನರು ನಕ್ಕರು.

“ರೊಟ್ಟಿ ಬಡಿಯೂದು ವ್ಯಾಯಾಮ ಏನ? ತೂಕ ಇಳಸಬೇಕಂದ್ರ ಕರಗಿಸಿದ್ದನ್ನ ಮತ್ತ ತಿನ್ನಬಾರದು.”

ಹೇಳುತ್ತಲೇ ನಾಲ್ಕನೇ ರೊಟ್ಟಿಗೆ ಕೈ ಚಾಚಿದರು.

ಕೆರೆ ಸುತ್ತಿದಾಗ ಬಾರದ ಬೆವರು ನನಗೆ ಒಲೆಯ ಮುಂದೆ ಬಂದಿತ್ತು. ರಟ್ಟೆ ಈಗಲೂ ನೋಯುತ್ತಿದೆ. ತೂಕ ಇಳಿಸಲೇಬೇಕು, ಗೊತ್ತು. ಆದರೆ ದುಡಿದು ಹಸಿದು ಮಲಗುವವಳು ನಾನಲ್ಲ.

“ಹಂಗಾರ ನಾಳೆ ನೀವ ಬಡೀರಿ. ವ್ಯಾಯಾಮ ಹೌದೋ ಅಲ್ಲೋ ಆಮ್ಯಾಲೆ ಹೇಳ್ರಿ,” ಎಂದೆ.

ಗೊರಕೆ ಹೊಡೆಯುತ್ತಿದ್ದಾರೆ. ವಾಚನ್ನು ಅವರ ಕೈಗೇ ಕಟ್ಟಿದ್ದೇನೆ.