ಇಂದೇ ಕೊನೆಯ ಆಟ

೧೯ ಅಕ್ಟೋಬರ್ ೨೦೧೬, ಬುಧವಾರ, ಗ್ಲೆನ್ ವೇವರ್ಲಿ

ದೀಪಾವಳಿಗೆ ಹನ್ನೊಂದೇ ದಿನ. ನನ್ನ ಸಿಹಿತಿಂಡಿ ಅಂಗಡಿಗೆ ಒಂದೂ ಆರ್ಡರ್ ಇಲ್ಲ.

ಅಪ್ಪನ ನಾಟಕ ಕಂಪನಿ ಜನ ಸೇರಿಸಲು ತಿಂಗಳುಗಟ್ಟಲೆ ದಿನವೂ ‘ಇಂದೇ ಕೊನೆಯ ಆಟ’ ಎಂದು ಸಾರುತ್ತಿತ್ತು. ನಾನೂ ವಾರವಿಡೀ ಫೇಸ್‌ಬುಕ್‌ನಲ್ಲಿ ದಿನಕ್ಕೆ ಮೂರು ಸಲ ‘ಇಂದೇ ಕೊನೆಯ ದಿನ’ ಎಂದು ಹಾಕಿದೆ.

ಪ್ರತಿ ಹಬ್ಬಕ್ಕೂ ನಮ್ಮಲ್ಲೇ ಸಿಹಿ ಕೊಳ್ಳುವ ಬಾಕ್ಸ್ ಹಿಲ್‌ನ ಶರ್ವಾಣಿ ಇವತ್ತು ಸಿಕ್ಕಳು. “ಅಂಗಡಿ ಮುಚ್ತಿದೀರಲ್ಲ ಅಂಕಲ್, ಅದಕ್ಕೇ ನಾವೆಲ್ಲ ಬೇರೆ ಕಡೆ ಬುಕ್ ಮಾಡಿದ್ವಿ.”

“ವಾರಕ್ಕೆ ಮೂರು ಪೋಸ್ಟ್ ಸಾಕು ಅಂದಿದ್ದೆ ಅಪ್ಪಾ,” ಎಂದಳು ಮಗಳು. “ಈಗ ಒಂದೇ ಹಾಕು, ನಿಜ ಹೇಳು.”

‘ಅಂಗಡಿ ತೆರೆದೇ ಇರುತ್ತದೆ’ ಎಂದು ಹಾಕಿ ಒಂದು ಗಂಟೆಯಾಯಿತು. ಅಪ್ಪನ ನಾಟಕದ ಡೇರೆಯಲ್ಲಾದರೆ ಪರದೆಯ ಸಂದಿಯಿಂದ ಜನರನ್ನು ನೋಡಬಹುದಿತ್ತು. ಇಲ್ಲಿ ಯಾರಾದರೂ ಕುಳಿತಿದ್ದಾರೋ, ಎಲ್ಲರೂ ಎದ್ದು ಹೋಗಿದ್ದಾರೋ ತಿಳಿಯದು.